ನಿಪ್ಪಾಣಿಯವನು ಪೋಲೆಂಡ್ ಕಾಯ್ದದ್ದು

ಕನ್ನಡ ಬಳಗದ ಯುಗಾದಿ ಊಟದ ಸಾಲಿನಲ್ಲಿ ಒಬ್ಬಳು ಹುಡುಗಿ ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದಳು. "ಅಂಕಲ್, ನೀವು ಮ್ಯೂಸಿಯಮ್ಮಲ್ಲಿ ಇದ್ರಂತೆ. ನನ್ಗೂ ಅಂಥದ್ದೇ ಒಂದು ಜಾಬ್ ಸಿಕ್ತು. ಏನಾದ್ರೂ ಟಿಪ್ಸ್ ಕೊಡಿ" ಎಂದಳು. "ಒಳ್ಳೆ ಬೂಟು ತಗೋ ಮಗಳ" ಎಂದೆ. ಅವಳು ಇನ್ನೂ ಏನೋ ಬರುತ್ತದೆಂದು ಕಾದಳು. ಅಷ್ಟರಲ್ಲಿ ಕೋಸಂಬರಿ ಬಂತು, ಜ್ಞಾನದಾನ ಅಲ್ಲಿಗೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಚಿಂತೆಯಿಲ್ಲ, ಖಾಲಿ ಕೋಣೆಯ ಜೊತೆ ಮಾತಾಡಿ ನನಗೆ ರೂಢಿಯಿದೆ.

ನಾನು ಕಾಯ್ದದ್ದು ಕೆನಡಾದ ಮಿಸ್ಸಿಸಾಗಾದಲ್ಲಿ ಪೋಲಿಷ್ ಸಮಾಜದವರ ಒಂದು ಭವನದ ಬೇಸ್‌ಮೆಂಟಿನಲ್ಲಿದ್ದ ಮ್ಯೂಸಿಯಮ್ಮನ್ನು. ಮೂರು ಕೋಣೆ, ಒಂದು ಓಣಿಯಂಥ ಹಾದಿ, ಹೊರಗೆ ಅಂಗಳದಲ್ಲಿ ಗ್ರಾನೈಟಿನ ಒಂದು ಸ್ಮಾರಕ. ನನ್ನ ಹುದ್ದೆ ಸೆಕ್ಯುರಿಟಿ ಗಾರ್ಡ್. ಇಂಥ ಸಣ್ಣ ಜಾಗಗಳಲ್ಲಿ ಗಾರ್ಡ್ ಎಂದರೆ ಬಲ್ಬು ಬದಲಿಸುವವನು, ಹಿಮ ಎತ್ತುವವನು, ಕೋಟು ಇಸಿದುಕೊಳ್ಳುವವನು, ಮತ್ತು ವಿವರಿಸುವವರು ಯಾರೂ ಇಲ್ಲದಾಗ ಯುರೋಪಿನ ಇತಿಹಾಸವನ್ನು ವಿವರಿಸುವವನು. ಬಡ್ತಿಯ ವಿಚಾರ ಇಲ್ಲಿ ಬರೆಯುವುದಿಲ್ಲ. ಬರೆಯುವಂಥದ್ದು ಇದ್ದಿದ್ದರೆ ಬಹುಶಃ ಬರೆಯುತ್ತಿದ್ದೆ.

ನಿಪ್ಪಾಣಿಯಲ್ಲಿ ನಾನು ಹೈಸ್ಕೂಲಿನ ಇತಿಹಾಸದ ಮಾಸ್ತರ. ಹಿಟ್ಲರ್ ಪೋಲೆಂಡಿನ ಮೇಲೆ ದಾಳಿ ಮಾಡಿದ, ಎರಡನೇ ಮಹಾಯುದ್ಧ ಶುರುವಾಯಿತು ಎಂಬ ಒಂದು ಸಾಲನ್ನು ವರ್ಷಕ್ಕೊಮ್ಮೆ ಹೇಳಿ, ಹುಡುಗರಿಂದ ಅದರ ಕೆಳಗೆ ಗೆರೆ ಹಾಕಿಸುತ್ತಿದ್ದೆ. ನನ್ನ ಪಾಲಿಗೆ ಪೋಲೆಂಡ್ ಒಂದು ಅಂಕದ ಪ್ರಶ್ನೆಯಾಗಿತ್ತು. ಆ ಒಂದು ಅಂಕದ ದೇಶ ಮುಂದೆ ನನ್ನ ಅನ್ನದ ದಾರಿಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಇನ್ನೆರಡು ಸಾಲು ಹೆಚ್ಚು ಓದಿಕೊಂಡಿರುತ್ತಿದ್ದೆ. ಕೆನಡಾದವರಿಗೆ ನನ್ನ ಬಿ.ಎಡ್. ಬೇಕಾಗಲಿಲ್ಲ. ಸೆಕ್ಯುರಿಟಿ ಕಂಪನಿಯವರು ಒಂದು ಟೋಪಿ ಕೊಟ್ಟರು, ಮೊದಲು ಬ್ರ್ಯಾಂಪ್ಟನ್ನಿನ ಗೋದಾಮಿಗೆ ಕಳಿಸಿದರು, ಆಮೇಲೆ ಇಲ್ಲಿಗೆ. ಗೋದಾಮಿನಲ್ಲಿ ಟಿಶ್ಯೂ ಪೇಪರು ಕಾಯುತ್ತಿದ್ದವನು ಇಲ್ಲಿ ಸಾವಿರ ವರ್ಷದ ಇತಿಹಾಸ ಕಾಯತೊಡಗಿದೆ. ಸಂಬಳ ಅಷ್ಟೇ ಇತ್ತು.

ಅಲ್ಲಿಯ ಮೇಲಧಿಕಾರಿ ಪಾನ್ ತದೇಉಷ್. ಪೋಲಿಷರು ಗಂಡಸರನ್ನು ಗೌರವದಿಂದ ಪಾನ್ ಎನ್ನುತ್ತಾರೆ, ಹೆಂಗಸರನ್ನು ಪಾನಿ ಎನ್ನುತ್ತಾರೆ. ನಿಪ್ಪಾಣಿಯಿಂದ ಬಂದವನಿಗೆ ಇದನ್ನು ನೆನಪಿಡುವುದು ಕಷ್ಟವಾಗಲಿಲ್ಲ. ಪಾನ್ ತದೇಉಷ್ ಮ್ಯೂಸಿಯಮ್ಮಿಗೂ ಯಜಮಾನರು, ಹೊರಗಿನ ಸ್ಮಾರಕದ ಸಮಿತಿಗೂ ಅಧ್ಯಕ್ಷರು. ದೊಡ್ಡ ಮೀಸೆ, ಇಸ್ತ್ರಿ ಮುರಿಯದ ಪ್ಯಾಂಟು, ಹೆಂಗಸರು ಬಂದರೆ ಬಗ್ಗಿ ಕೈಗೆ ಮುತ್ತಿಡುವ ಪದ್ಧತಿ. ನಾನು ಬಂದರೆ ಗಡಿಯಾರ ನೋಡುವ ಪದ್ಧತಿ.

ಸೇರಿದ ಮೊದಲ ವಾರವೇ ಅವರ ಮುಂದೆ ಒಂದು ಘನಕಾರ್ಯ ಮಾಡಿದೆ. ಮೊದಲ ಕೋಣೆಯಲ್ಲಿ ಯುರೋಪಿನ ಮೂರು ಹಳೆಯ ನಕ್ಷೆಗಳಿದ್ದವು. ಎಡಗಡೆಯದರಲ್ಲಿ ಪೋಲೆಂಡ್ ಹಾಸಿಗೆಯಷ್ಟು ದೊಡ್ಡದು. ಬಲಗಡೆಯದರಲ್ಲಿ ದಿಂಬಿನಷ್ಟು. ನಡುವಿನದರಲ್ಲಿ ಇಲ್ಲವೇ ಇಲ್ಲ. ಇಡೀ ದಿನ ಅದರೆದುರು ನಿಂತ ಮಾಸ್ತರನ ಕಣ್ಣಿಗೆ ತಪ್ಪು ಬೀಳದೆ ಇದ್ದೀತೆ? ಅವರ ಆಫೀಸಿಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದೆ: "ಸರ್, ನಡುವಿನ ನಕ್ಷೆಯಲ್ಲಿ ನಿಮ್ಮ ದೇಶ ಬಿಟ್ಟುಹೋಗಿದೆ. ಬೇರೆ ಯಾರಾದರೂ ನೋಡುವುದರೊಳಗೆ ಬದಲಿಸಿದರೆ ಒಳ್ಳೆಯದು."

ಪಾನ್ ತದೇಉಷ್ ಚಹಾದ ಗ್ಲಾಸು ಕೆಳಗಿಟ್ಟರು. "ಹೌದು. ನೂರ ಇಪ್ಪತ್ತಮೂರು ವರ್ಷ ಬಿಟ್ಟುಹೋಗಿತ್ತು" ಎಂದರು.

ನೆರೆಯ ಮೂರು ಸಾಮ್ರಾಜ್ಯಗಳು ಆ ದೇಶವನ್ನು ಹಂಚಿಕೊಂಡು ತಿಂದದ್ದನ್ನು, ನಕ್ಷೆಯಿಂದಲೇ ಅಳಿಸಿಹಾಕಿದ್ದನ್ನು ಅವರು ನಿಂತಲ್ಲೇ ನಿಲ್ಲಿಸಿಕೊಂಡು ಹೇಳಿದರು. "ಹಾಗಾದರೆ ಅಷ್ಟು ವರ್ಷ ದೇಶ ಎಲ್ಲಿತ್ತು, ಸರ್?" ಎಂದೆ.

"ಅಡಿಗೆಮನೆಯಲ್ಲಿತ್ತು. ಚರ್ಚಿನಲ್ಲಿತ್ತು. ಅಜ್ಜಿಯಂದಿರ ಬಾಯಲ್ಲಿತ್ತು. ಈಗ ಹೋಗಿ ಓಣಿಯ ಬಲ್ಬು ಬದಲಿಸಿ."

ಬಲ್ಬು ಬದಲಿಸುತ್ತ ಬ್ರ್ಯಾಂಪ್ಟನ್ನಿನ ನಮ್ಮ ಬೇಸ್‌ಮೆಂಟ್ ಮನೆ ನೆನಪಾಯಿತು. ಅಲ್ಲಿ ಕನ್ನಡ ಇದ್ದದ್ದೂ ಒಲೆಯ ಸುತ್ತಲಿನ ಅಷ್ಟೇ ಜಾಗದಲ್ಲಿ. ನನ್ನ ಹೆಂಡತಿ ಸುಶೀಲಾ ಒಲೆಯ ಮುಂದೆ ನಿಂತು ಕನ್ನಡದಲ್ಲಿ ಕೂಗುತ್ತಿದ್ದಳು, ಮಗಳು ಒಳಗಿನಿಂದ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ನಾನು ನಡುವೆ ಊಟ ಮಾಡುತ್ತಿದ್ದೆ.

ಹೀಗೆ ಪೋಲೆಂಡನ್ನು ಕಲಿತೆ, ಗಾಜಿನ ಪೆಟ್ಟಿಗೆಯಿಂದ ಪೆಟ್ಟಿಗೆಗೆ. ಬೆನ್ನಿಗೆ ಗರಿಯ ರೆಕ್ಕೆ ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಿದ್ದ ಕುದುರೆ ಸವಾರರ ಚಿತ್ರವಿತ್ತು. ಮೊದಲು ನಾಟಕದ ವೇಷವೆಂದುಕೊಂಡಿದ್ದೆ. ಯುದ್ಧದಲ್ಲಿ ನೆಲಸಮವಾದ ರಾಜಧಾನಿಯನ್ನು ಹಳೆಯ ವರ್ಣಚಿತ್ರಗಳನ್ನು ನೋಡಿಕೊಂಡು ಹಾಗೆಯೇ ಮತ್ತೆ ಕಟ್ಟಿದ ಫೋಟೋಗಳಿದ್ದವು. ಒಂದು ಇಡೀ ಗೋಡೆ ದಂಗೆಗಳದ್ದು. ಒಂದೊಂದು ತಲೆಮಾರಿಗೂ ಒಂದು ದಂಗೆ, ಪ್ರತಿಯೊಂದರ ಕೆಳಗೂ ಪದಕ, ಹಾಡು, ಸ್ಮಾರಕದ ಚಿತ್ರ. ಬಹಳಷ್ಟು ಸೋತವು. ನಮ್ಮಲ್ಲಿ ಗೆದ್ದವನು ಕಲ್ಲು ನಿಲ್ಲಿಸುತ್ತಾನೆ, ಇವರು ಸೋತದ್ದಕ್ಕೂ ಬಿಡದೆ ನಿಲ್ಲಿಸಿದ್ದರು. ಇದನ್ನು ವಿಚಿತ್ರವೆಂದುಕೊಂಡೆ. ನಾಲ್ಕು ಚಳಿಗಾಲ ಅಲ್ಲಿ ನಿಂತ ಮೇಲೆ ವಿಚಿತ್ರವೆನಿಸುವುದು ನಿಂತುಹೋಯಿತು.

ಇಲ್ಲೊಂದು ಮಾತು ಹೊಸಬರಿಗೆ. ಮ್ಯೂಸಿಯಮ್ಮಿಗೆ ಬರುವವರಲ್ಲಿ ಕೆಲವರು ಅಳುತ್ತಾರೆ. ನಮ್ಮ ಎರಡನೇ ಕೋಣೆಯಲ್ಲಿ ಸೈಬೀರಿಯಕ್ಕೆ ಅಟ್ಟಲ್ಪಟ್ಟವರ ಸಾಮಾನುಗಳಿದ್ದವು: ತಗಡಿನ ಲೋಟ, ಕೂಸಿನ ಒಂದು ಬೂಟು, ಚೀಲದ ಬಟ್ಟೆಯಿಂದ ಹೊಲಿದ ಬೊಂಬೆ. ಆ ಬೂಟಿನ ಮುಂದೆ ದೊಡ್ಡ ದೊಡ್ಡ ಗಂಡಸರು ನಿಂತು ಭುಜ ಅಲುಗಿಸುತ್ತಿದ್ದರು. ಆಗ ಹತ್ತಿರ ಹೋಗಬಾರದು. ನೀರು ಬೇಕೇ ಎಂದು ಕೇಳಬಾರದು. ಕೋಣೆಯಿಂದ ಹೊರಗೂ ಹೋಗಬಾರದು, ಸಾಮಾನು ಕಾಯಬೇಕಲ್ಲ. ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರನ್ನು ಗಂಭೀರವಾಗಿ ನೋಡುತ್ತಿರಬೇಕು. ಅದರ ಮೇಲಿನ ಸೂಚನೆಗಳೆಲ್ಲ ನನಗೆ ಇವತ್ತಿಗೂ ಬಾಯಿಪಾಠ, ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ.

ಯಾರೂ ಬಾರದ ದಿನಗಳೇ ಹೆಚ್ಚು. ಬೆಳಿಗ್ಗೆ ದೀಪ ಹಾಕಿ, ಸಂಜೆ ದೀಪ ಆರಿಸುವುದು. ಸುಶೀಲಾ ಫೋನು ಮಾಡಿ, "ಇವತ್ತ ಎಷ್ಟ ಮಂದಿ ಬಂದಿದ್ರು?" ಎಂದು ಕೇಳಿದರೆ, "ಇಬ್ಬರು. ನಾನು ಮತ್ತ ಹೀಟರ್ ರಿಪೇರಿಯವ" ಎನ್ನುತ್ತಿದ್ದೆ.

ಈಗ ಕತ್ತಿಯ ಪ್ರಕರಣ. ಇದು ಆ ಭವನದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ನಾನು ಹೊಸದಾಗಿ ಬಯಲು ಮಾಡುತ್ತಿಲ್ಲ.

ಒಂದು ಖಂಡೆ ನವಮಿಯ ಬೆಳಿಗ್ಗೆ ಸುಶೀಲಾ ಕಾರು, ಮಿಕ್ಸರು, ಹಿಮ ನೂಕುವ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿ ನನ್ನ ಕಡೆ ತಿರುಗಿದಳು. "ನಿಮ್ಮ ಕೆಲಸದ ಸಾಮಾನಕ್ಕ ಪೂಜಾ ಮಾಡೂದು ಬ್ಯಾಡೇನ್ರೀ?"

"ನನ್ನ ಕೆಲಸದ ಸಾಮಾನು ಅಂದ್ರ ಒಂದು ಕೀಲಿಗೊಂಚಲ."

"ಬರೇ ಕೀಲಿಗೆ ಏನ್ ಹಚ್ಚೂದು! ಒಳಗ ಕತ್ತಿ-ಗಿತ್ತಿ ಇಲ್ಲೇನು?"

ಇತ್ತು. ದಂಗೆಗಳ ಗೋಡೆಯ ಕೆಳಗೆ ಕುದುರೆ ಸವಾರನೊಬ್ಬನ ಬಾಗಿದ ಕತ್ತಿ. ಅವಳು ಕಾಗದದಲ್ಲಿ ಕುಂಕುಮ ಕಟ್ಟಿ ಕೊಟ್ಟಳು. ಯಾರೂ ಇಲ್ಲದ ಹೊತ್ತು ನೋಡಿ ಗಾಜಿನ ಪೆಟ್ಟಿಗೆ ತೆರೆದು, ಹಿಡಿಕೆಗೆ ಒಂದೇ ಒಂದು ಬೊಟ್ಟು ಇಟ್ಟು, ಕೈಮುಗಿದು, ಮುಚ್ಚಿದೆ. ಅಷ್ಟು ದಂಗೆಗಳಿಗೆ ಹೋಗಿಬಂದ ಕತ್ತಿಗೆ ಒಮ್ಮೆಯೂ ಪೂಜೆಯಾಗಿರಲಿಲ್ಲ. ಸೋತದ್ದರಲ್ಲಿ ಆಶ್ಚರ್ಯವೇನು ಎಂದು ಒಳಗೊಳಗೇ ಇತಿಹಾಸಕ್ಕೆ ಒಂದು ಟಿಪ್ಪಣಿಯನ್ನೂ ಸೇರಿಸಿದೆ.

ಮರುದಿನ ಪಾನ್ ತದೇಉಷ್ ಯಾರಿಗೋ ಕತ್ತಿ ತೋರಿಸಲು ಹೋದವರು ಅಲ್ಲೇ ಕೂಗಿಕೊಂಡರು. "ರಕ್ತ!" ಮೇಲಿನ ಅಡಿಗೆಮನೆಯಲ್ಲಿ ಸಮಾಜದ ಊಟಕ್ಕೆ ಕಡುಬು ತುಂಬುತ್ತಿದ್ದ ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಇಳಿದು ಬಂದರು. ಒಬ್ಬಾಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನೂರಾರು ವರ್ಷದ ಹಿಂದಿನ ರಕ್ತ ಮೇಲೆ ಬಂದಿದೆಯೋ, ಯಾರಾದರೂ ಕೈ ಕೊಯ್ದುಕೊಂಡಿದ್ದಾರೋ ಎಂದು ಚರ್ಚೆ ಶುರುವಾಯಿತು. ಪವಾಡದ ಪಕ್ಷಕ್ಕೆ ಬಹುಮತ ಬರುವ ಲಕ್ಷಣ ಕಂಡಿತು. ನಾನು ಸಿಲಿಂಡರು ನೋಡುತ್ತ ನಿಂತೆ.

ಆಗ ಒಬ್ಬ ಮುದುಕಿ ಮುಂದೆ ಬಂದಳು. ಪಾನಿ ಹಲೀನಾ. ವಾರಕ್ಕೊಮ್ಮೆ ಬಂದು ಮ್ಯೂಸಿಯಮ್ಮಿನ ಬಟ್ಟೆಬರೆ ಹೊಲಿದು ಸರಿಮಾಡುತ್ತಿದ್ದವಳು. ಅಲ್ಲಿಯವರೆಗೆ ನನಗೆ ಗುಡ್ ಮಾರ್ನಿಂಗಿಗಿಂತ ಹೆಚ್ಚು ಹೇಳಿದವಳಲ್ಲ. ಹಿಡಿಕೆಯ ಕೆಂಪನ್ನು ಬೆರಳಿಗೆ ತಗೊಂಡು ಉಜ್ಜಿದಳು. ಮೂಸಿದಳು. "ಕುಂಕೂ" ಎಂದಳು. ಆಮೇಲೆ ಅಷ್ಟು ಜನರ ನಡುವಿನಿಂದ ನನ್ನನ್ನೇ ನೋಡಿ, ಮರಾಠಿಯಲ್ಲಿ, "ದಸರಾ? ಸೋನಂ ಕುಠಂ ಆಹೆ?" ಎಂದು ಕೇಳಿದಳು. ಬಂಗಾರ ಎಲ್ಲಿ?

ನಮ್ಮ ಕಡೆ ದಸರೆಯ ದಿನ ಬನ್ನಿಯ ಎಲೆಯನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ಕೊಲ್ಹಾಪುರದವರೂ ಹಾಗೆಯೇ ಎಲೆ ಹಂಚುತ್ತಾರೆ. ಅದನ್ನು ಮಿಸ್ಸಿಸಾಗಾದ ಬೇಸ್‌ಮೆಂಟಿನಲ್ಲಿ, ನೀಲಿ ಕಣ್ಣಿನ ಪೋಲಿಷ್ ಮುದುಕಿಯೊಬ್ಬಳು ನನ್ನಿಂದ ಬಾಕಿ ವಸೂಲು ಮಾಡುವಂತೆ ಕೇಳುತ್ತಿದ್ದಳು.

ಪಾನ್ ತದೇಉಷ್ ನನ್ನನ್ನು ಆಫೀಸಿಗೆ ಕರೆದು, "ಇಲ್ಲಿಯ ವಸ್ತುಗಳು ದೇವರಲ್ಲ, ಪಾನ್ ಗುರುನಾಥ" ಎಂದರು. ಹಾಗಾದರೆ ಅವುಗಳ ಮುಂದೆ ನೀವು ದನಿ ತಗ್ಗಿಸುವುದೇಕೆ ಎನ್ನಬೇಕೆನಿಸಿತು. ಎನ್ನಲಿಲ್ಲ. ಕೆಲಸ ಅಷ್ಟು ವರ್ಷ ಉಳಿದದ್ದು ಇಂಥ ಎನ್ನದ ಮಾತುಗಳಿಂದಲೇ. ಹೊರಗೆ ಬಂದು, ಪಾರ್ಕಿಂಗ್ ಲಾಟಿನಲ್ಲಿ ಉದುರಿ ಬಿದ್ದಿದ್ದ ಒಂದು ಹಳದಿ ಮೇಪಲ್ ಎಲೆ ಆರಿಸಿ ಪಾನಿ ಹಲೀನಾಳಿಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತಗೊಂಡಳು, ನಮ್ಮ ಹೆಂಗಸರು ತಗೊಳ್ಳುವ ಹಾಗೆಯೇ.

ಅವಳ ಕತೆ ಇಷ್ಟು. ಆರು ವರ್ಷದವಳಿದ್ದಾಗ ಸೋವಿಯತ್ ಸೈನಿಕರು ಬಂದು ಅವ್ವ, ಅವಳು, ಕೂಸಾಗಿದ್ದ ತಮ್ಮ ಯಾನೆಕ್ ಮೂವರನ್ನೂ ಸರಕಿನ ರೈಲಿಗೆ ಹತ್ತಿಸಿ ಸೈಬೀರಿಯಕ್ಕೆ ಒಯ್ದರು. ಅಲ್ಲಿಂದ ಬಿಡುಗಡೆಯಾದವರು ಇರಾನಿನ ದಾರಿಯಲ್ಲಿ ಅಲೆದು, ಕೊನೆಗೆ ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಬಂದರು. ಕೊಲ್ಹಾಪುರದ ಪಕ್ಕದಲ್ಲಿ ಅವರಿಗಾಗಿಯೇ ಒಂದು ಊರು ಕಟ್ಟಿದ್ದರು. ಸಾವಿರಾರು ಹೆಂಗಸರು, ಮಕ್ಕಳು. ನಿಪ್ಪಾಣಿಯಿಂದ ಬಸ್ಸಿಗೆ ಒಂದು ತಾಸಿನ ಹಾದಿ. ನಮ್ಮ ಅಪ್ಪ ಸಣ್ಣವನಿದ್ದಾಗ ಅಲ್ಲಿಗೆ ಬೆಲ್ಲ ಮಾರಲು ಹೋಗುತ್ತಿದ್ದನಂತೆ. "ಬಿಳೇ ಮಂದಿ, ಆದ್ರ ಬಡವ್ರು" ಎಂದು ಆಶ್ಚರ್ಯದಿಂದ ಹೇಳುತ್ತಿದ್ದ. ಇತಿಹಾಸದ ಮಾಸ್ತರನಾಗಿ ನಾನು ಆ ಬಡವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಯಾನೆಕ್ ಕೊಲ್ಹಾಪುರದಲ್ಲಿ ಜ್ವರ ಬಂದು ಸತ್ತ. ಅಲ್ಲೇ ಅವನ ಮಣ್ಣಾಯಿತು. ಅವ್ವ, ಮಗಳು ಮುಂದೆ ಇಂಗ್ಲೆಂಡು, ಕೆನಡಾ ಎಂದು ಹೋದರು. ಅವ್ವ ಹೋಗಿ ಬಹಳ ವರ್ಷವಾಗಿತ್ತು. ಪಾನಿ ಹಲೀನಾ ಮದುವೆಯಾಗಿರಲಿಲ್ಲ. ಯಾನೆಕ್ ಎಂಬವನೊಬ್ಬ ಇದ್ದ ಎಂದು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು.

ಅವಳ ಕಷ್ಟ ತಿಳಿಯಬೇಕಾದರೆ ಪೋಲಿಷರ ಒಂದು ಪದ್ಧತಿ ತಿಳಿಯಬೇಕು. ನವೆಂಬರ್ ಮೊದಲ ದಿನ ಅವರಲ್ಲಿ ಸತ್ತವರಿಗೆ ದೀಪ ಇಡುತ್ತಾರೆ. ನಮ್ಮ ಪಕ್ಷಮಾಸದ ಹಾಗೆ, ಆದರೆ ವಡೆಯಿಲ್ಲ. ಗಾಜಿನ ಬುರುಡೆಯೊಳಗೆ ಮೇಣದ ದೀಪ, ಮೇಲೆ ತಗಡಿನ ಮುಚ್ಚಳ. ಊರಲ್ಲಿ ಗೋರಿಯಿದ್ದವರು ಗೋರಿಗೆ ಹೋಗುತ್ತಾರೆ. ಗೋರಿ ಎಲ್ಲಿದೆಯೆಂದೇ ತಿಳಿಯದವರು ನಮ್ಮ ಅಂಗಳದ ಸ್ಮಾರಕಕ್ಕೆ ಬರುತ್ತಿದ್ದರು. ಆ ಕಲ್ಲಿನ ಮೇಲೆ ಊರುಗಳ ಹೆಸರು ಕೆತ್ತಿದ್ದರು: ಕೊಂದ ಕಾಡುಗಳು, ಗಣಿಗಳು, ಕ್ಯಾಂಪುಗಳು, ರಣರಂಗಗಳು. ತಮ್ಮವರು ಯಾವ ಊರಲ್ಲಿ ಹೋದರೋ ಆ ಹೆಸರಿನ ಕೆಳಗೆ ದೀಪ ಇಡುವುದು ರೂಢಿ. ಪಾನಿ ಹಲೀನಾ ಪ್ರತಿ ವರ್ಷ ದೀಪ ಹಿಡಿದು ಬಂದು ಕಲ್ಲನ್ನು ಒಂದು ಸುತ್ತು ಹಾಕುತ್ತಿದ್ದಳು. ಕೊಲ್ಹಾಪುರ ಅದರ ಮೇಲಿರಲಿಲ್ಲ. ಕೊನೆಗೆ ಮೆಟ್ಟಿಲ ಅಂಚಿನಲ್ಲಿ ಎಲ್ಲೋ ಇಟ್ಟು ಹೋಗುವಳು. ಬೆಳಿಗ್ಗೆ ಬಾತುಕೋಳಿಗಳು ಉರುಳಿಸಿದ್ದ ಆ ದೀಪವನ್ನು ನಾನು ಎತ್ತಿ ನೆಟ್ಟಗೆ ಮಾಡುತ್ತಿದ್ದೆ.

ನಡುವೆ ಕಾಲ ಬದಲಾಯಿತು. ಟೈಪ್ ಮಾಡಿ ಅಂಟಿಸಿದ್ದ ಚೀಟಿಗಳು ಹೋಗಿ ಟಚ್ ಸ್ಕ್ರೀನುಗಳು ಬಂದವು. ನಾನು ಹೇಳುತ್ತಿದ್ದುದನ್ನೆಲ್ಲ ಅವು ಹೇಳತೊಡಗಿದವು, ಕೆಮ್ಮದೆ. ಶನಿವಾರ ಪೋಲಿಷ್ ಶಾಲೆಯ ಮಕ್ಕಳು ಸಾಲಾಗಿ ಬರುತ್ತಿದ್ದರು. ಟೀಚರು ಪೋಲಿಷಿನಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ಕೇಳಿದರೆ ನನಗೆ ಮನೆಯಲ್ಲೇ ಇದ್ದ ಹಾಗಾಗುತ್ತಿತ್ತು. ಸ್ಕ್ರೀನು ಬಂದ ಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ, ಟಾಯ್ಲೆಟ್ ಎಲ್ಲಿದೆ ಎಂಬುದೊಂದನ್ನು ಬಿಟ್ಟು. ಮಗಳು ಮದುವೆಯಾಗಿ ವಿಟ್ಬಿಗೆ ಹೋದಳು. ಸುಶೀಲಾ ಒಂದು ಮಾರ್ಚಿನಲ್ಲಿ ತೀರಿಹೋದಳು. ಆ ಮೇಲೆ ಇವತ್ತು ಎಷ್ಟು ಮಂದಿ ಬಂದಿದ್ದರು ಎಂದು ಕೇಳುವವರು ಇರಲಿಲ್ಲ. ದಸರೆಗೆ ಎಲೆ ಕೊಡುವುದಕ್ಕೆ ಪಾನಿ ಹಲೀನಾ ಒಬ್ಬಳಿದ್ದಳು.

ಸ್ಮಾರಕದ ಅಕ್ಷರಗಳು ಹಿಮಕ್ಕೆ ಸವೆದಿದ್ದವು. ಮತ್ತೆ ಕೆತ್ತಿಸುವುದೆಂದು ಸಮಿತಿ ನಿರ್ಧರಿಸಿತು. ಕಲ್ಲುಕುಟಿಗ ಹೇಗೂ ಬರುವವನು, ಇನ್ನೊಂದು ಹೆಸರಿಗೆ ಜಾಗವಿದೆ ಎಂದು ಗೊತ್ತಾದ ಕೂಡಲೇ, ತಾನೂ ಸಮಿತಿಯಲ್ಲಿದ್ದ ಪಾನಿ ಹಲೀನಾ ಕೊಲ್ಹಾಪುರವನ್ನು ಸೇರಿಸಿ ಎಂದು ಕೇಳಿದಳು. ಅವಳಿಗೆ ಆಗ ಎಂಬತ್ತು ದಾಟಿತ್ತು. ಇನ್ನೊಮ್ಮೆ ಅಕ್ಷರ ಸವೆಯುವವರೆಗೆ ಕಾಯುವ ವಯಸ್ಸಲ್ಲ.

ಅಡ್ಡಿ ಒಂದಿತ್ತು. ಪೋಲಿಷರು ಪೋಲಿಷರಾಗಿದ್ದಕ್ಕೆ ಸಂಕಟಪಟ್ಟ ಊರುಗಳ ಹೆಸರು ಮಾತ್ರ ಕಲ್ಲಿನ ಮೇಲೆ ಬರಬೇಕೆಂಬುದು ಸಮಿತಿಯ ನಿಯಮ. ಪಾನ್ ತದೇಉಷ್ ನಿಯಮದ ಮನುಷ್ಯ, ಆದರೆ ಕಲ್ಲಿನ ಮನುಷ್ಯನಲ್ಲ. ಸಭೆಯ ಮುಂಚಿನ ದಿನ ನನ್ನ ಹತ್ತಿರ ಬಂದು ಮೀಸೆ ತಿರುವುತ್ತ ನಿಂತರು.

"ನೀವು ಆ ಕಡೆಯವರಲ್ಲವೇ? ನಾಳೆ ಸಮಿತಿಗೆ ಎರಡು ಮಾತು ಹೇಳಿ. ಬಿಸಿಲು ಹೇಗಿರುತ್ತದೆ, ಹಾವುಗಳು, ರೋಗಗಳು. ಕಷ್ಟವಿತ್ತು ಅಂತ ಅವರಿಗೆ ಅನಿಸಿದರೆ ಸಾಕು, ಕೈ ಎತ್ತುತ್ತಾರೆ."

"ನಮ್ಮ ಬಿಸಿಲಿನ ಬಗ್ಗೆ ಸುಳ್ಳು ಸೇರಿಸುವ ಅಗತ್ಯವೇ ಇಲ್ಲ ಸರ್" ಎಂದೆ.

ಮರುದಿನ ಮೇಲಿನ ಹಾಲಿನಲ್ಲಿ ಟೈ ಕಟ್ಟಿಕೊಂಡು ನಿಂತು, ಬಹಳ ವರ್ಷಗಳ ನಂತರ ಪಾಠ ಮಾಡಿದೆ. ಏಪ್ರಿಲ್, ಮೇ ತಿಂಗಳ ಕಾವು. ಚಪ್ಪಲಿಯಲ್ಲಿ ಅಡಗುವ ಚೇಳು. ಮಳೆಗಾಲದ ಜ್ವರಗಳನ್ನು ಒಂದೊಂದಾಗಿ ಹೆಸರಿಸಿದೆ. ಕೊಲ್ಹಾಪುರದವರು ಕೇಳಿದ್ದರೆ ನನ್ನನ್ನು ಗಡಿ ದಾಟಲು ಬಿಡುತ್ತಿರಲಿಲ್ಲ. ಸಮಿತಿಯವರು ತಲೆದೂಗಿದರು. ಒಬ್ಬ ಮುದುಕ ಚೇಳಿನ ಹತ್ತಿರ ನಿಟ್ಟುಸಿರು ಬಿಟ್ಟ. ಪಾನ್ ತದೇಉಷ್ ನನಗೆ ಕಣ್ಣಲ್ಲೇ ಸಾಕೆಂದು ಸೂಚಿಸಿ, "ಹಾಗಾದರೆ ಮತಕ್ಕೆ ಹಾಕೋಣವೇ?" ಎಂದರು.

ಪಾನಿ ಹಲೀನಾ ಎದ್ದು ನಿಂತಳು. ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಮಾತಾಡಿದಳು.

"ಪಾನ್ ಗುರುನಾಥ ಒಳ್ಳೆಯವರು. ಅವರು ಹೇಳಿದ ಬಿಸಿಲು ನಿಜ, ಚೇಳೂ ನಿಜ. ಆದರೆ ನಾನು ಅಲ್ಲಿ ಸೈಕಲ್ ಕಲಿತೆ. ಅಲ್ಲಿ ದಪ್ಪಗಾದೆ. ಅವ್ವ ನಕ್ಕದ್ದನ್ನು ಮೊದಲ ಸಲ ಅಲ್ಲಿ ನೋಡಿದೆ."

"ಪಾನಿ ಹಲೀನಾ," ಪಾನ್ ತದೇಉಷ್ ಮೆಲ್ಲಗೆ ಅಂದರು, "ಅದನ್ನೆಲ್ಲ ಈಗ ಹೇಳಬೇಕಾಗಿಲ್ಲ."

"ಹೇಳಬೇಕು. ಹೆಸರು ಸೇರಿಸಿ ಎಂದವಳು ನಾನೇ, ಈ ಚೇಳು, ಜ್ವರ ಕೇಳಿದ ಮೇಲೆ ನನ್ನ ತಪ್ಪು ತಿಳಿಯಿತು. ಯಾನೆಕ್ ಸೈಬೀರಿಯದಿಂದಲೇ ಸಾವನ್ನು ಹೊತ್ತು ತಂದಿದ್ದ. ನಡೆಯಲು ಆಗುತ್ತಿರಲಿಲ್ಲ. ಕೊಲ್ಹಾಪುರದಲ್ಲಿ ಡಾಕ್ಟರು ದಿನಾ ಬಂದು ನೋಡುತ್ತಿದ್ದರು. ಅವನು ಸತ್ತದ್ದು ತೊಳೆದ ಚಾದರದ ಮೇಲೆ, ಬಾಳೆಹಣ್ಣು ತಿಂದು. ಆ ಊರನ್ನು ನೀವು ಈ ಹೆಸರುಗಳ ಪಕ್ಕದಲ್ಲಿ ಬರೆದರೆ, ಓದಿದವರು ಏನೆಂದುಕೊಳ್ಳುತ್ತಾರೆ? ಅದೇ ಅವನನ್ನು ಕೊಂದಿತು ಅಂದುಕೊಳ್ಳುತ್ತಾರೆ. ಕೊಂದ ಊರು ಆಗಲೇ ಕಲ್ಲಿನ ಮೇಲಿದೆ."

"ಹಾಗಾದರೆ ಅದರ ಕೆಳಗೇ ದೀಪ ಇಡಬಹುದಲ್ಲ?" ಎಂದ ಚೇಳಿಗೆ ನಿಟ್ಟುಸಿರು ಬಿಟ್ಟಿದ್ದ ಮುದುಕ.

"ಅಲ್ಲಿಂದ ನನ್ನ ತಮ್ಮನನ್ನು ಬದುಕಿಸಿ ಕರಕೊಂಡು ಬಂದಿದ್ದೇವೆ. ಮತ್ತೆ ಅಲ್ಲಿಗೆ ಕಳಿಸಲಾರೆ."

ಪಾನ್ ತದೇಉಷ್ ಕನ್ನಡಕ ತೆಗೆದು ಒರೆಸಿದರು. "ಪಾನಿ ಹಲೀನಾ, ನಿಯಮ ನಿಮಗೆ ಗೊತ್ತು. ಅಲ್ಲಿ ಸಂಕಟವಿರಲಿಲ್ಲ ಎಂದು ನೀವೇ ಹೇಳಿದರೆ..."

"ಗೊತ್ತು. ನಿಯಮ ಮಾಡುವಾಗ ನಾನೂ ಕೈ ಎತ್ತಿದ್ದೆ."

ಮತಕ್ಕೆ ಹಾಕಿದರು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ಅವಳದೇ. ಅವಳ ಕೈ ನೋಡಿ ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು. ನಾನು ಸಮಿತಿಯವನಲ್ಲ, ನನ್ನ ಕೈಗೆ ಅಲ್ಲಿ ಬೆಲೆಯಿರಲಿಲ್ಲ. ಜೇಬಿನಲ್ಲಿಟ್ಟುಕೊಂಡೆ.

ಆ ವರ್ಷದ ನವೆಂಬರ್ ಮೊದಲ ದಿನ ಹೊಸ ಅಕ್ಷರಗಳು ಕಲ್ಲಿನ ಮೇಲೆ ಹೊಳೆಯುತ್ತಿದ್ದವು. ಮಧ್ಯಾಹ್ನದಿಂದಲೇ ಜನ ದೀಪ ತಂದಿಟ್ಟು ಹೋಗುತ್ತಿದ್ದರು. ಬಾಗಿಲು ಹಾಕುವ ಹೊತ್ತಿಗೆ ಪಾನಿ ಹಲೀನಾ ಕೈಚೀಲ ಹಿಡಿದು ಮೆಟ್ಟಿಲಿಳಿದು ನನ್ನ ಹತ್ತಿರ ಬಂದಳು. ಚೀಲದಿಂದ ದೀಪ ತೆಗೆದಳು.

"ಪಾನಿ ಹಲೀನಾ, ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ" ಎಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

"ಒಳಗೆ ಯಾರು ಹಚ್ಚುತ್ತಾರೆ? ಕುರ್ಚಿ ತಗೊಂಡು ಮೇಲೆ ಬಾ" ಎಂದಳು ಮರಾಠಿಯಲ್ಲಿ.

ಅಷ್ಟು ವರ್ಷದಲ್ಲಿ ಅವಳು ನನಗೆ ಏಕವಚನ ಹಚ್ಚಿದ್ದು ಅದೇ ಮೊದಲು. ನನ್ನ ಮಡಚುವ ಕುರ್ಚಿ ಎತ್ತಿಕೊಂಡು ಹಿಂದೆ ಹೋದೆ. ಸ್ಮಾರಕದ ಕಡೆ ಹೋಗುತ್ತಾಳೆಂದುಕೊಂಡೆ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಅಂಗಳದ ಇನ್ನೊಂದು ಮೂಲೆಗೆ, ಬೇಲಿಯ ಹತ್ತಿರ ಗಾಳಿ ಕಡಿಮೆಯಿದ್ದಲ್ಲಿಗೆ ಹೋಗಿ ನೆಲ ತೋರಿಸಿದಳು.

"ಇಲ್ಲಿ ಹಾಕು. ಕೂತುಕೋ."

"ನಾನೇ?"

"ಇನ್ಯಾರು? ನೀನು ಕೊಲ್ಹಾಪುರದವನು."

"ನಿಪ್ಪಾಣಿ, ಪಾನಿ ಹಲೀನಾ. ನಡುವೆ ಬಸ್ಸಿಗೆ ಒಂದು ತಾಸು ದೂರವಿದೆ."

"ಇಲ್ಲಿಂದ ನೋಡಿದರೆ ಏನೂ ದೂರವಿಲ್ಲ. ನೆಟ್ಟಗೆ ಕೂತುಕೋ, ಟೋಪಿ ತೆಗಿ."

ಕೂತೆ. ತೆಗೆದೆ. ಅವಳು ಕುರ್ಚಿಯ ಕಾಲು ಹಿಡಿದುಕೊಂಡು ಕಷ್ಟದಿಂದ ಬಗ್ಗಿ, ನನ್ನ ಬೂಟುಗಳ ಮುಂದೆ ದೀಪ ಇಟ್ಟು ಹಚ್ಚಿದಳು. ಅವಳನ್ನು ಎತ್ತಲು ನಾನು ಕೈ ಚಾಚಿದರೆ, ಅಲುಗಾಡಬೇಡ ಎಂಬಂತೆ ನೋಡಿ ತಾನೇ ಎದ್ದಳು. ನಿಂತುಕೊಂಡು ಪ್ರಾರ್ಥನೆ ಮಾಡಿದಳು. ಆಮೇಲೆ ಪೋಲಿಷಿನಲ್ಲಿ ಮಾತಾಡತೊಡಗಿದಳು, ನನ್ನ ಕಡೆ ನೋಡುತ್ತ, ನನ್ನನ್ನಲ್ಲ. ಯಾನೆಕ್ ಎಂಬ ಹೆಸರು ಮತ್ತೆ ಮತ್ತೆ ಬಂತು. ಮನೆಯ ಸುದ್ದಿ ಹೇಳುವ ಧಾಟಿ. ನಡುವೆ ಒಮ್ಮೆ ಬೈದಳೆಂದೂ ಕಾಣುತ್ತದೆ.

ಸ್ಮಾರಕಕ್ಕೆ ಬಂದವರು ನಿಂತು ನೋಡಿದರು. ಮೂಲೆಯಲ್ಲಿ ಒಬ್ಬ ಕಂದುಬಣ್ಣದ ಗಾರ್ಡು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾನೆ, ಮುಂದೆ ದೀಪವಿದೆ. ಒಂದು ಮಗು ಬೆರಳು ತೋರಿಸಿತು, ಅದರ ತಾಯಿ ಬೆರಳನ್ನು ಕೆಳಗಿಳಿಸಿದಳು. ನಾನು ಉಸಿರು ಸಣ್ಣಗೆ ಬಿಡುತ್ತಿದ್ದೆ. ಹೊಸಬರಿಗೆ ಹೇಳುವುದಾದರೆ, ಸ್ಮಾರಕ ಕಾಯುವುದಕ್ಕಿಂತ ಸ್ಮಾರಕವಾಗಿರುವುದು ಕಷ್ಟದ ಕೆಲಸ. ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಅಲ್ಲಿ ಸಿಲಿಂಡರೂ ಇರಲಿಲ್ಲ.

ಅವಳ ಮಾತು ಮುಗಿಯಿತು. ಕರೆದೊಯ್ಯುವ ಟ್ಯಾಕ್ಸಿ ಬಂತು. "ಬರ್ತೀನಿ" ಎಂದಳು, ಮರಾಠಿಯಲ್ಲಿ. ನನಗೋ ಅವನಿಗೋ ತಿಳಿಯಲಿಲ್ಲ, ಅದಕ್ಕೆ ಉತ್ತರಿಸಲಿಲ್ಲ.

ಕತ್ತಲಾಗುತ್ತ ಬಂತು. ಕಾರುಗಳು ಒಂದೊಂದಾಗಿ ಹೋದವು. ಕೊನೆಗೆ ಪಾನ್ ತದೇಉಷ್ ಭವನಕ್ಕೆ ಬೀಗ ಹಾಕಿ, ಸ್ಮಾರಕದ ಮುಂದೆ ನಿಂತು, ಆಮೇಲೆ ನಿಧಾನವಾಗಿ ನನ್ನ ಕಡೆ ಬಂದರು. ಗಡಿಯಾರ ನೋಡಲಿಲ್ಲ. ಹ್ಯಾಟು ತೆಗೆದು ದೀಪದ ಮುಂದೆ ಒಂದು ಗಳಿಗೆ ನಿಂತರು. ತಮ್ಮ ಉಣ್ಣೆಯ ಮಫ್ಲರು ಬಿಚ್ಚಿ ನನ್ನ ಕೊರಳಿಗೆ ಸುತ್ತಿದರು.

"ಕಲ್ಲಿಗೆ ಚಳಿಯಾಗುವುದಿಲ್ಲ, ಪಾನ್ ಗುರುನಾಥ" ಎಂದರು. ಎದ್ದೇಳಿ ಎಂದು ಮಾತ್ರ ಹೇಳಲಿಲ್ಲ. ಅವರ ಕಾರೂ ಹೋಯಿತು.

ಬ್ರ್ಯಾಂಪ್ಟನ್ನಿಗೆ ಬಸ್ಸುಗಳಿದ್ದವು. ಮನೆಯಲ್ಲಿ ನನಗಾಗಿ ಕಾಯುವಂಥದ್ದು ಏನೂ ಇರಲಿಲ್ಲ. ಅಂಗಳದ ಆ ಬದಿಯಲ್ಲಿ ಕಲ್ಲಿನ ಕೆಳಗೆ ನೂರಾರು ದೀಪ, ಈ ಬದಿಯಲ್ಲಿ ಒಂದು. ಅದರಲ್ಲಿ ಇನ್ನೂ ಮುಕ್ಕಾಲು ಮೇಣವಿತ್ತು. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದೆ.